ಎರಡೇ ತಂತಿಯ ಹೀಟಿಂಗ್ ವ್ಯವಸ್ಥೆಗೆ ಸ್ಮಾರ್ಟ್ ಥರ್ಮೋಸ್ಟಾಟ್: ಆಯ್ಕೆಯಿಂದ ಜೋಡಣೆಯವರೆಗೆ

ಉತ್ತರ ಅಮೆರಿಕದ ಹಳೆಯ ಮನೆಗಳಲ್ಲಿ ಬಿಸಿನೀರಿನ ಬಾಯ್ಲರ್ ಅಥವಾ ಬಿಸಿಗಾಳಿ ಊದುವ ಗ್ಯಾಸ್ ಫರ್ನೇಸ್ ಮಾತ್ರ ಇದ್ದು, ಏರ್ ಕಂಡೀಷನರ್ ಅದೇ ಥರ್ಮೋಸ್ಟಾಟಿಗೆ ಜೋಡಣೆಯಾಗಿರದಿದ್ದರೆ, ಗೋಡೆಯೊಳಗಿಂದ ಸಾಮಾನ್ಯವಾಗಿ ಎರಡೇ ತಂತಿಗಳು ಹೊರಬಂದಿರುತ್ತವೆ. ಹಳೆಯ ಥರ್ಮೋಸ್ಟಾಟಿಗೆ ಅಷ್ಟು ಸಾಕಾಗಿತ್ತು. ಕೋಣೆ ತಣ್ಣಗಾದಾಗ ಎರಡು ತಂತಿಗಳನ್ನು ಕೂಡಿಸುವುದು, ಬೆಚ್ಚಗಾದಾಗ ಬಿಡಿಸುವುದು, ಇಷ್ಟೇ ಅದರ ಕೆಲಸ. ಅದಕ್ಕೆಂದು ಪ್ರತ್ಯೇಕ ವಿದ್ಯುತ್ ಬೇಕಿರಲಿಲ್ಲ. ಸ್ಮಾರ್ಟ್ ಥರ್ಮೋಸ್ಟಾಟಿನೊಳಗಾದರೋ ವೈ-ಫೈ ರೇಡಿಯೋ, ಪರದೆ, ಪ್ರೊಸೆಸರ್ ಎಲ್ಲವೂ ಇದ್ದು, ಅವು ಹಗಲಿರುಳೂ ಎಚ್ಚರವಾಗಿರಬೇಕಾಗುತ್ತದೆ. ಅಂಗಡಿಯ ಪೆಟ್ಟಿಗೆಯ ಮೇಲೆ ಆಪ್, ಧ್ವನಿ ಆಜ್ಞೆ, ಉಳಿತಾಯದ ವಿವರ ದೊಡ್ಡದಾಗಿ ಇರುತ್ತದೆ. ವಿದ್ಯುತ್ ಎಲ್ಲಿಂದ ಬರಬೇಕು ಎಂಬ ವಿವರ ಮಾತ್ರ ಸಣ್ಣ ಅಕ್ಷರದಲ್ಲಿರುತ್ತದೆ. ಎರಡು ತಂತಿಯ ಮನೆಯವರು ಮೊದಲು ಓದಬೇಕಾದದ್ದು ಆ ಸಣ್ಣ ಅಕ್ಷರವನ್ನು. ವಿದ್ಯುತ್ತಿನ ದಾರಿ ಮೊದಲು ಗೊತ್ತಾದರೆ ಮಾದರಿಯ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಹಂತ 1: ಇದು ನಿಜಕ್ಕೂ 24 ವೋಲ್ಟಿನ ಜಾಲವೇ ಎಂದು ಖಚಿತಪಡಿಸಿಕೊಳ್ಳುವುದು

ಎರಡು ತಂತಿ ಕಂಡ ಮಾತ್ರಕ್ಕೆ ಅದು ಕಡಿಮೆ ವೋಲ್ಟೇಜಿನ, ಅಂದರೆ 24 ವೋಲ್ಟಿನ ಜಾಲವೆಂದು ಭಾವಿಸುವುದು ಅಪಾಯಕಾರಿ. ಗೋಡೆಯ ಬುಡದಲ್ಲಿ ಕೂರಿಸುವ ವಿದ್ಯುತ್ ಬೇಸ್‌ಬೋರ್ಡ್ ಹೀಟರುಗಳ ಥರ್ಮೋಸ್ಟಾಟಿಗೂ ಎರಡೇ ತಂತಿ ಬಂದಿರಬಹುದು, ಆದರೆ ಅವುಗಳಲ್ಲಿ ಹರಿಯುವುದು 120 ಅಥವಾ 240 ವೋಲ್ಟ್. ಆ ತಂತಿಗಳು ದಪ್ಪಗಿದ್ದು, ಸಾಮಾನ್ಯವಾಗಿ ಸ್ವಿಚ್ ಡಬ್ಬಿಯೊಳಗೆ ಪ್ಲಾಸ್ಟಿಕ್ ಟೋಪಿ ಹಾಕಿ ತಿರುಚಿದ ರೀತಿಯಲ್ಲಿರುತ್ತವೆ. 24 ವೋಲ್ಟಿನ ತಂತಿಗಳು ತೆಳ್ಳಗೆ, ದೂರವಾಣಿ ತಂತಿಗಿಂತ ಸ್ವಲ್ಪವೇ ದಪ್ಪವಾಗಿದ್ದು, ಗೋಡೆಯ ಸಣ್ಣ ತೂತಿನಿಂದ ನೇರವಾಗಿ ಹೊರಬಂದು ಪುಟ್ಟ ಸ್ಕ್ರೂಗಳಿಗೆ ಸಿಕ್ಕಿಸಿರುತ್ತವೆ. ಬೇಸ್‌ಬೋರ್ಡ್ ಜಾಲಕ್ಕೆ 24 ವೋಲ್ಟಿನ ಥರ್ಮೋಸ್ಟಾಟ್ ಜೋಡಿಸಿದರೆ ಉಪಕರಣ ಸುಟ್ಟುಹೋಗುವುದಷ್ಟೇ ಅಲ್ಲ, ಬೆಂಕಿಯ ಭಯವೂ ಇದೆ. ಅಂಥ ಜಾಲಕ್ಕೆಂದೇ ತಯಾರಾದ ಬೇರೆ ಸ್ಮಾರ್ಟ್ ಥರ್ಮೋಸ್ಟಾಟುಗಳಿವೆ. ಈ ಬರಹದ ಮುಂದಿನ ಹಂತಗಳು ಅವಕ್ಕೆ ಅನ್ವಯಿಸುವುದಿಲ್ಲ.

ಇನ್ನೊಂದು ತುದಿಯಲ್ಲಿ ಮಿಲಿವೋಲ್ಟ್ ಜಾಲವಿದೆ. ಕೆಲವು ಗ್ಯಾಸ್ ಗೋಡೆ-ಹೀಟರುಗಳಲ್ಲಿ ಮತ್ತು ಗ್ಯಾಸ್ ಬೆಂಕಿಗೂಡುಗಳಲ್ಲಿ ಸದಾ ಉರಿಯುವ ಪುಟ್ಟ ಪೈಲಟ್ ಜ್ವಾಲೆಯ ಶಾಖದಿಂದಲೇ ಸುಮಾರು ಮುಕ್ಕಾಲು ವೋಲ್ಟ್ ಹುಟ್ಟಿ, ಅದೇ ಗ್ಯಾಸ್ ವಾಲ್ವನ್ನು ತೆರೆಯುತ್ತದೆ. ಆ ಜಾಲದಿಂದ ಸ್ಮಾರ್ಟ್ ಥರ್ಮೋಸ್ಟಾಟಿಗೆ ಒಂದು ಹನಿಯಷ್ಟೂ ವಿದ್ಯುತ್ ಸಿಗುವುದಿಲ್ಲ.

ಮೂರನೆಯದು ಯುರೋಪಿನಲ್ಲಿ ಹೆಚ್ಚಾಗಿ ಕಾಣುವ ಓಪನ್‌ಥರ್ಮ್ ಪದ್ಧತಿ. ಅಲ್ಲಿಯೂ ಬಾಯ್ಲರಿನಿಂದ ಎರಡೇ ತಂತಿ ಬಂದಿರುತ್ತವೆ, ಆದರೆ ಅವು ಸ್ವಿಚ್ಚಿನ ತಂತಿಗಳಲ್ಲ. ಅವುಗಳ ಮೂಲಕ ಬಾಯ್ಲರ್ ಮತ್ತು ಥರ್ಮೋಸ್ಟಾಟ್ ಡಿಜಿಟಲ್ ಸಂದೇಶಗಳನ್ನು ವಿನಿಮಯ ಮಾಡಿಕೊಳ್ಳುತ್ತವೆ. ನೀರು ಎಷ್ಟು ಬಿಸಿಯಾಗಬೇಕು ಎಂಬುದನ್ನೂ ಥರ್ಮೋಸ್ಟಾಟೇ ಹೇಳುತ್ತದೆ. ಅಲ್ಲಿ ಬೇಕಾದದ್ದು ಓಪನ್‌ಥರ್ಮ್ ಬಲ್ಲ ಥರ್ಮೋಸ್ಟಾಟ್.

ಪರೀಕ್ಷಿಸುವ ಕ್ರಮ ಹೀಗಿದೆ. ಬಾಯ್ಲರಿನ ಮುಖ್ಯ ಸ್ವಿಚ್ಚನ್ನು ಆರಿಸಿ, ಹಳೆಯ ಥರ್ಮೋಸ್ಟಾಟಿನ ಮುಚ್ಚಳ ತೆಗೆದು, ತಂತಿಗಳನ್ನು ಮುಟ್ಟದೆ ಅವುಗಳ ಹತ್ತಿರ ಸಂಪರ್ಕರಹಿತ ವೋಲ್ಟೇಜ್ ಟೆಸ್ಟರನ್ನು ಹಿಡಿಯಬೇಕು. ಬೇಸ್‌ಬೋರ್ಡಿನ ವಿದ್ಯುತ್ ಬೇರೆ ಬ್ರೇಕರಿನಿಂದ ಬರುವುದರಿಂದ ಬಾಯ್ಲರ್ ಆರಿದ್ದರೂ ಅದು ಜೀವಂತವಾಗಿರಬಹುದು. ಟೆಸ್ಟರ್ ಕೂಗಿದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು. ಕೂಗದಿದ್ದರೆ ತಂತಿಗಳ ಚಿತ್ರ ತೆಗೆದುಕೊಂಡು, ಅವನ್ನು ಸ್ಕ್ರೂಗಳಿಂದ ಬಿಡಿಸಿ, ಒಂದಕ್ಕೊಂದು ತಾಗದಂತೆ ದೂರ ಇಟ್ಟು, ಬಾಯ್ಲರಿಗೆ ವಿದ್ಯುತ್ ಕೊಟ್ಟು, ಮಲ್ಟಿಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಎರಡು ತಂತಿಗಳ ನಡುವೆ ಅಳೆಯಬೇಕು. 24ರಿಂದ 28ರವರೆಗೆ ಬಂದರೆ ಇದು ನಮ್ಮ ಜಾಲವೇ. ಎ.ಸಿ.ಯಲ್ಲಿ ಏನೂ ಬಾರದೆ ಡಿ.ಸಿ.ಯಲ್ಲಿ ಒಂದು ವೋಲ್ಟಿಗಿಂತ ಕಡಿಮೆ ತೋರಿದರೆ ಅದು ಮಿಲಿವೋಲ್ಟ್. ತಂತಿಯ ಬಣ್ಣವನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಐವತ್ತು ವರ್ಷಗಳ ಹಿಂದೆ ತಂತಿ ಎಳೆದವರು ಕೈಗೆ ಸಿಕ್ಕ ಬಣ್ಣವನ್ನು ಬಳಸಿರುವುದೇ ಹೆಚ್ಚು.

ಬಿಚ್ಚಿದ ಥರ್ಮೋಸ್ಟಾಟಿನೊಳಗೆ ಗಾಜಿನ ಪುಟ್ಟ ಗುಳ್ಳೆಯಲ್ಲಿ ಬೆಳ್ಳಿಯಂತೆ ಹೊಳೆಯುವ ದ್ರವ ಕಂಡರೆ ಅದು ಪಾದರಸ. 1953ರಲ್ಲಿ ಬಂದ ಹನಿವೆಲ್‌ನ ದುಂಡು ಮಾದರಿ ಮತ್ತು ಅದರ ಅನೇಕ ಅನುಕರಣೆಗಳಲ್ಲಿ ಇದಿತ್ತು. ಅದನ್ನು ಮನೆಯ ಕಸಕ್ಕೆ ಹಾಕದೆ ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವಲ್ಲಿಗೆ ಒಪ್ಪಿಸಬೇಕು.

ಹಂತ 2: ಎರಡು ತಂತಿಯಲ್ಲಿ ವಿದ್ಯುತ್ ಏಕೆ ಸಿಗುವುದಿಲ್ಲ ಎಂಬುದನ್ನು ತಿಳಿಯುವುದು

ಈ ಒಂದು ಸಂಗತಿ ಮನಸ್ಸಿಗೆ ಬಂದರೆ ಜಾಹೀರಾತುಗಳಲ್ಲಿ ಕಾಣುವ ಅರ್ಧಸತ್ಯಗಳು ತಾವಾಗಿಯೇ ಬಯಲಾಗುತ್ತವೆ. ಬಾಯ್ಲರಿನ ಬಳಿಯ ಟ್ರಾನ್ಸ್‌ಫಾರ್ಮರಿನಿಂದ ಒಂದು ತಂತಿ ಥರ್ಮೋಸ್ಟಾಟಿಗೆ ಬರುತ್ತದೆ; ಅದಕ್ಕೆ 'ಆರ್' ಎಂದು ಹೆಸರು. ಥರ್ಮೋಸ್ಟಾಟಿನಿಂದ ಇನ್ನೊಂದು ತಂತಿ ಬಾಯ್ಲರಿನ ರಿಲೇಗೋ (ವಿದ್ಯುತ್ತಿನಿಂದ ನಡೆಯುವ ಸ್ವಿಚ್), ಗ್ಯಾಸ್ ವಾಲ್ವಿಗೋ, ಝೋನ್ ವಾಲ್ವಿಗೋ (ಮನೆಯ ಒಂದು ಭಾಗಕ್ಕೆ ಬಿಸಿನೀರು ಬಿಡುವ ವಾಲ್ವ್) ಮರಳುತ್ತದೆ, ಅದು 'ಡಬ್ಲ್ಯೂ'. ರಿಲೇಯ ಮತ್ತೊಂದು ತುದಿ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಬದಿಗೆ ಸೇರುತ್ತದೆ. ಆ ಬದಿಯೇ 'ಸಿ', ಅಂದರೆ ಸಾಮಾನ್ಯ ತಂತಿ. ಅದು ಗೋಡೆಯವರೆಗೆ ಬಂದೇ ಇಲ್ಲ ಎಂಬುದೇ ಎಲ್ಲ ತೊಡಕಿನ ಮೂಲ.

ಥರ್ಮೋಸ್ಟಾಟ್ ಎರಡು ತಂತಿಗಳನ್ನು ಬಿಡಿಸಿಟ್ಟಿರುವಾಗ ಅದರ ಎರಡು ತಿರುಪುಗಳ ನಡುವೆ 24 ವೋಲ್ಟ್ ಇರುತ್ತದೆ. ಆಗ ಕೆಲವೇ ಮಿಲಿಆಂಪಿಯರಿನಷ್ಟು ವಿದ್ಯುತ್ತನ್ನು ರಿಲೇಯ ಸುರುಳಿಯ ಮೂಲಕ ಜಿನುಗಿಸಿಕೊಂಡು ಒಳಗಿನ ಬ್ಯಾಟರಿ ತುಂಬಿಸಿಕೊಳ್ಳಬಹುದು. ಆದರೆ ಹೀಟಿಂಗ್ ಶುರುವಾಗಿ ಥರ್ಮೋಸ್ಟಾಟ್ ಎರಡು ತಂತಿಗಳನ್ನು ಕೂಡಿಸಿದ ಕ್ಷಣ ಅವುಗಳ ನಡುವಿನ ವೋಲ್ಟೇಜ್ ಸೊನ್ನೆಯಾಗುತ್ತದೆ. ಕಡು ಚಳಿಯಲ್ಲಿ ಬಾಯ್ಲರ್ ಗಂಟೆಗಟ್ಟಲೆ ಉರಿಯುವಾಗಲೇ ಉಪಕರಣಕ್ಕೆ ಊಟವಿಲ್ಲ. ಈ ಬರವನ್ನು ನೀಗಿಸಲು ಕೆಲವು ಉಪಕರಣಗಳು ಹೀಟಿಂಗ್ ನಡೆಯುತ್ತಿರುವಾಗಲೇ ಕಣ್ಣಿಗೆ ಕಾಣದಷ್ಟು ಕಡಿಮೆ ಅವಧಿಗೆ ಜಾಲವನ್ನು ಮತ್ತೆ ಮತ್ತೆ ಬಿಡಿಸಿ ವಿದ್ಯುತ್ ಕದಿಯುತ್ತವೆ. ಏರ್ ಕಂಡೀಷನರ್ ಕೂಡ ಇರುವ ಮನೆಯಲ್ಲಿ ಹೀಟಿಂಗ್ ನಡೆಯುವಾಗ ಕೂಲಿಂಗ್ ತಂತಿಯ ಮೂಲಕ ಜಿನುಗಿಸಿಕೊಳ್ಳುವ ಅವಕಾಶವಿರುತ್ತದೆ. ಹೀಟಿಂಗ್ ಮಾತ್ರ ಇರುವ ಮನೆಯಲ್ಲಿ ಅದೂ ಇಲ್ಲ. 'ಸಿ ತಂತಿ ಬೇಕಿಲ್ಲ' ಎಂಬ ಮಾತು ಅನೇಕ ಮಾದರಿಗಳ ವಿಷಯದಲ್ಲಿ ಹೀಟಿಂಗ್-ಕೂಲಿಂಗ್ ಎರಡೂ ಇರುವ ಮನೆಗಷ್ಟೇ ನಿಜವಾಗುವುದು ಈ ಕಾರಣದಿಂದ.

ಕದಿಯುವ ಪದ್ಧತಿಗೆ ಇನ್ನೂ ಒಂದು ಬೆಲೆಯಿದೆ. ಜಿನುಗುವ ವಿದ್ಯುತ್ತಿಗೆ ಕೆಲವು ರಿಲೇಗಳು ಗುಂಯ್‌ಗುಡುತ್ತವೆ ಇಲ್ಲವೇ ಪಟಪಟನೆ ಬಡಿದುಕೊಳ್ಳುತ್ತವೆ. ಕೆಲವು ಎಲೆಕ್ಟ್ರಾನಿಕ್ ಬೋರ್ಡುಗಳು ಅದನ್ನೇ ಹೀಟಿಂಗ್ ಬೇಡಿಕೆಯೆಂದು ತಿಳಿದು ಬಾಯ್ಲರನ್ನು ಹೊತ್ತಿಸುತ್ತವೆ. ಬ್ಯಾಟರಿ ಬರಿದಾದಾಗ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವೂ ಇದೆ: 2016ರ ಜನವರಿಯಲ್ಲಿ ನೆಸ್ಟ್ ಎಂಬ ಸ್ಮಾರ್ಟ್ ಥರ್ಮೋಸ್ಟಾಟುಗಳ ಸಾಫ್ಟ್‌ವೇರಿನ ದೋಷವೊಂದರಿಂದ ಬ್ಯಾಟರಿ ಇಳಿದು, ನಡುಚಳಿಯಲ್ಲಿ ಅನೇಕ ಮನೆಗಳ ಹೀಟಿಂಗ್ ನಿಂತುಹೋಗಿತ್ತು.

ಹಂತ 3: ಬಾಯ್ಲರಿನ ಬಳಿ ನೋಡಿಬರುವುದು

ಥರ್ಮೋಸ್ಟಾಟಿನ ತಂತಿಗಳು ಹೋಗಿ ಸೇರುವ ಜಾಗವನ್ನು ಹುಡುಕಿ, ಅಲ್ಲಿನ ತಿರುಪುಗಳ ಹೆಸರನ್ನು ಬರೆದುಕೊಳ್ಳಬೇಕು. ಫರ್ನೇಸಿನ ಬೋರ್ಡಿನಲ್ಲಿ ಅಥವಾ ಹೊಸ ಬಗೆಯ ಝೋನ್ ಕಂಟ್ರೋಲರಿನಲ್ಲಿ 'ಆರ್', 'ಡಬ್ಲ್ಯೂ', 'ಸಿ' ಮೂರೂ ಇದ್ದರೆ ಕೆಲಸ ಹಗುರ. ಹಳೆಯ ಬಾಯ್ಲರ್ ನಿಯಂತ್ರಕಗಳಲ್ಲಿ 'ಟಿಟಿ' ಎಂಬ ಎರಡೇ ತಿರುಪುಗಳಿರುತ್ತವೆ. ಅವೆರಡರಲ್ಲಿ ಯಾವುದೂ 'ಸಿ' ಅಲ್ಲ. ಅಲ್ಲಿ ಊಹೆಯ ಮೇಲೆ ಮೂರನೆಯ ತಂತಿ ಸಿಕ್ಕಿಸಲು ಹೋಗಬಾರದು, ಏಕೆಂದರೆ ತಪ್ಪಾದ ಒಂದೇ ಸ್ಪರ್ಶಕ್ಕೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಜೊತೆಗೆ ಜಾಲದಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ ಎಂಬುದೂ ಗೊತ್ತಿರಬೇಕು. ಸ್ಮಾರ್ಟ್ ಥರ್ಮೋಸ್ಟಾಟಿನ ಒಳಗಿನ ಸ್ವಿಚ್ ಸಾಮಾನ್ಯವಾಗಿ ಸುಮಾರು ಒಂದು ಆಂಪಿಯರನ್ನು ತಾಳಬಲ್ಲದು. ಹನಿವೆಲ್ ಮೋಟಾರು ಮಾದರಿಯ ಝೋನ್ ವಾಲ್ವ್ 0.32 ಆಂಪಿಯರ್ ಎಳೆಯುತ್ತದೆ. ಶಾಖದಿಂದ ತೆರೆದುಕೊಳ್ಳುವ ಟ್ಯಾಕೋ ಕಂಪನಿಯ 570 ಸರಣಿಯ ಹಳೆಯ ವಾಲ್ವ್ ಒಂದೇ 0.9 ಆಂಪಿಯರ್ ಎಳೆಯುತ್ತದೆ. ಅಂಥ ಎರಡು ವಾಲ್ವುಗಳು ಒಂದೇ ಥರ್ಮೋಸ್ಟಾಟಿಗೆ ಸೇರಿದ್ದರೆ ಮಿತಿ ಮೀರಿದಂತೆಯೇ. ನಡುವೆ ಒಂದು ರಿಲೇ ಬೇಕಾಗುತ್ತದೆ. ಮಲ್ಟಿಮೀಟರನ್ನು ಎ.ಸಿ. 10 ಆಂಪಿಯರಿನ ಸ್ಥಾನಕ್ಕೆ ತಿರುಗಿಸಿ, ಗೋಡೆಯ ಎರಡು ತಂತಿಗಳ ನಡುವೆ ಹಿಡಿದರೆ ಹೀಟಿಂಗ್ ಶುರುವಾಗುತ್ತದೆ, ಹರಿಯುವ ವಿದ್ಯುತ್ ಪರದೆಯ ಮೇಲೆ ಕಾಣುತ್ತದೆ. ಮೀಟರ್ ಇಲ್ಲದವರು ಹಳೆಯ ಥರ್ಮೋಸ್ಟಾಟಿನ ಒಳಗೆ 0.1ರಿಂದ 1.2ರವರೆಗೆ ಗೆರೆ ಎಳೆದ ಸಣ್ಣ ಸರಿಸುಗೋಲನ್ನು ನೋಡಬಹುದು. ಹಿಂದಿನ ಮೆಕ್ಯಾನಿಕ್ ಕೆಲಸ ಬಲ್ಲವರಾಗಿದ್ದರೆ, ಅದು ನಿಂತಿರುವ ಅಂಕಿಯೇ ಈ ಜಾಲದ ಆಂಪಿಯರ್.

ಹಂತ 4: ವಿದ್ಯುತ್ತಿನ ದಾರಿಯನ್ನು ತೀರ್ಮಾನಿಸುವುದು

ಮೊದಲು ಗೋಡೆಯ ತೂತಿನೊಳಗೆ ಇಣುಕಿ, ಕೇಬಲಿನ ಹೊರಕವಚವನ್ನು ಸ್ವಲ್ಪ ಮುಂದಕ್ಕೆಳೆದು ನೋಡಬೇಕು. ಬಳಸದ ಮೂರನೆಯ ತಂತಿ ಕೇಬಲಿಗೆ ಸುತ್ತಿಕೊಂಡು ಒಳಗೇ ಅಡಗಿರುವುದು ಅಪರೂಪವೇನಲ್ಲ. ಸಿಕ್ಕರೆ, ಅದರ ಇನ್ನೊಂದು ತುದಿಯನ್ನು ಬಾಯ್ಲರಿನ ಬಳಿ ಹುಡುಕಿ 'ಸಿ' ತಿರುಪಿಗೆ ಜೋಡಿಸಿದರೆ ಮಾರುಕಟ್ಟೆಯ ಬಹುತೇಕ ಮಾದರಿಗಳು ನಿಮಗೆ ತೆರೆದುಕೊಳ್ಳುತ್ತವೆ.

ಇಲ್ಲದಿದ್ದರೆ ಹೊಸ ಕೇಬಲ್ ಎಳೆಸುವುದೇ ಎಲ್ಲಕ್ಕಿಂತ ಬಾಳಿಕೆಯ ಪರಿಹಾರ ಎಂಬುದು ನನ್ನ ಅಭಿಪ್ರಾಯ. 18 ಗೇಜಿನ ಐದು ತಂತಿಯ ಥರ್ಮೋಸ್ಟಾಟ್ ಕೇಬಲ್ ಎಳೆಸಿಬಿಟ್ಟರೆ ಮುಂದೆ ಏರ್ ಕಂಡೀಷನರ್ ಸೇರಿಸಿದರೂ ಗೋಡೆ ಒಡೆಯಬೇಕಿಲ್ಲ. ಹಳೆಯ ಕೇಬಲಿನ ತುದಿಗೆ ಹೊಸದನ್ನು ಕಟ್ಟಿ ಎಳೆಯುವ ಉಪಾಯ ಕೆಲವೊಮ್ಮೆ ಫಲಿಸುತ್ತದೆ; ಆದರೆ ಹಳೆಯದನ್ನು ಮರದ ಕಂಬಗಳಿಗೆ ಮೊಳೆಪಿನ್ನಿನಿಂದ ಬಿಗಿದಿದ್ದರೆ ಎಳೆದಾಗ ಅದು ತುಂಡಾಗಿ, ಇದ್ದ ಎರಡು ತಂತಿಯೂ ಹೋಗುತ್ತದೆ. ಮೊದಲು ಮೆಲ್ಲಗೆ ಜಗ್ಗಿ ನೋಡಿ, ಬಿಗಿಯಾಗಿದ್ದರೆ ಬಿಟ್ಟುಬಿಡುವುದು ಲೇಸು.

ಮೂರನೆಯ ದಾರಿ, ಥರ್ಮೋಸ್ಟಾಟಿನ ಹತ್ತಿರದ ಪ್ಲಗ್ಗಿಗೆ ಸಿಕ್ಕಿಸುವ 24 ವೋಲ್ಟ್ ಎ.ಸಿ. ಟ್ರಾನ್ಸ್‌ಫಾರ್ಮರ್. ಗೋಡೆಯ ಮೇಲೆ ತೆಳುವಾದ ತಂತಿಯೊಂದು ಕಾಣುತ್ತದೆ ಎಂಬುದನ್ನು ಸಹಿಸಿಕೊಂಡರೆ ಇದು ಅಗ್ಗದ, ನಂಬಿಕೆಯ ಪರಿಹಾರ. ಆದರೆ ಇಲ್ಲಿ ಜಾಗ್ರತೆ ಬೇಕು: ಈಗ ಜಾಲದಲ್ಲಿ ಎರಡು ಟ್ರಾನ್ಸ್‌ಫಾರ್ಮರುಗಳಿದ್ದು, ಅವು ಒಂದಕ್ಕೊಂದು ಸೇರಕೂಡದು. ಥರ್ಮೋಸ್ಟಾಟಿನಲ್ಲಿ 'ಆರ್‌ಸಿ' (ಕೂಲಿಂಗಿನ ಆರ್) ಮತ್ತು 'ಆರ್‌ಎಚ್' (ಹೀಟಿಂಗಿನ ಆರ್) ಎಂಬ ಪ್ರತ್ಯೇಕ ತಿರುಪುಗಳಿದ್ದು, ಅವುಗಳ ನಡುವಿನ ಕೊಂಡಿಯನ್ನು ತೆಗೆಯಲು ಬರುವಂತಿದ್ದರೆ, ಪ್ಲಗ್ಗಿನ ಟ್ರಾನ್ಸ್‌ಫಾರ್ಮರಿನ ಎರಡು ತಂತಿಗಳು 'ಆರ್‌ಸಿ' ಮತ್ತು 'ಸಿ'ಗೂ, ಗೋಡೆಯ ಎರಡು ತಂತಿಗಳು 'ಆರ್‌ಎಚ್' ಮತ್ತು 'ಡಬ್ಲ್ಯೂ'ಗೂ ಹೋಗುತ್ತವೆ. ಈ ಜೋಡಣೆಯ ಚಿತ್ರ ಆ ಮಾದರಿಯ ಕೈಪಿಡಿಯಲ್ಲೇ ಇದೆಯೇ ಎಂದು ಕೊಳ್ಳುವ ಮೊದಲೇ ನೋಡಬೇಕು.

ಒಂದೇ 'ಆರ್' ಇರುವ ಮಾದರಿಯಾದರೆ ಪ್ರತ್ಯೇಕಿಸುವ ರಿಲೇ ಬೇಕು. ಥರ್ಮೋಸ್ಟಾಟ್ ಪೂರ್ತಿಯಾಗಿ ಪ್ಲಗ್ಗಿನ ಟ್ರಾನ್ಸ್‌ಫಾರ್ಮರಿನ ಮೇಲೆ ನಡೆಯುತ್ತದೆ. ಅದರ 'ಡಬ್ಲ್ಯೂ' ಮತ್ತು 'ಸಿ' ನಡುವೆ 24 ವೋಲ್ಟಿನ ರಿಲೇಯ ಸುರುಳಿ ಇರುತ್ತದೆ. ರಿಲೇಯ ಸಂಪರ್ಕಗಳು ಗೋಡೆಯ ಎರಡು ತಂತಿಗಳನ್ನು ಕೂಡಿಸುತ್ತವೆ. ಬಾಯ್ಲರಿನ ಕಣ್ಣಿಗೆ ಇದು ಹಳೆಯ ಕಾಲದ ಸ್ವಿಚ್ಚೇ. ಮಿಲಿವೋಲ್ಟ್ ಜಾಲಕ್ಕೂ, ಹೆಚ್ಚು ಆಂಪಿಯರಿನ ವಾಲ್ವುಗಳಿಗೂ ಇದೇ ರಿಲೇ ಉತ್ತರವಾಗುತ್ತದೆ, ಆದರೆ ಅದರ ಸಂಪರ್ಕಗಳು ಆ ಜಾಲಕ್ಕೆ ತಕ್ಕವಾಗಿರಬೇಕು.

ನಾಲ್ಕನೆಯದು ಬ್ಯಾಟರಿ. ಝಿಗ್‌ಬೀ ಅಥವಾ ಝೀ-ವೇವ್ ಎಂಬ ಮಿತವ್ಯಯದ ರೇಡಿಯೋ ಬಳಸುವ ಥರ್ಮೋಸ್ಟಾಟುಗಳು ವೈ-ಫೈ ಮಾದರಿಗಳಿಗಿಂತ ಬಹಳ ಕಡಿಮೆ ವಿದ್ಯುತ್ ಬಳಸುವುದರಿಂದ ಸಾಮಾನ್ಯ ಸೆಲ್ಲುಗಳ ಮೇಲೆ ತಿಂಗಳುಗಟ್ಟಲೆ ನಡೆಯಬಲ್ಲವು, ಎರಡೇ ತಂತಿಗೆ ಯಾವ ತಕರಾರೂ ಇಲ್ಲದೆ ಹೊಂದಿಕೊಳ್ಳುತ್ತವೆ. ಅವಕ್ಕೆ ಒಂದು ಹಬ್, ಅಂದರೆ ಇಂಥ ಉಪಕರಣಗಳನ್ನು ಮನೆಯ ಜಾಲಕ್ಕೆ ಸೇರಿಸುವ ಪೆಟ್ಟಿಗೆ, ಬೇಕು ಎಂಬುದೇ ಕೊರತೆ. ಈಗಾಗಲೇ ಮನೆಯಲ್ಲಿ ಹಬ್ ಇದ್ದವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಐದನೆಯದು ಎರಡು ಭಾಗವಾಗಿ ಬರುವ ಥರ್ಮೋಸ್ಟಾಟ್. ಒಂದು ಭಾಗ ಬಾಯ್ಲರಿನ ಪಕ್ಕದಲ್ಲಿ ವಿದ್ಯುತ್ ಪಡೆದು ಸ್ವಿಚ್ಚಿನ ಕೆಲಸ ಮಾಡುತ್ತದೆ. ಕೋಣೆಯ ಭಾಗ ತಾಪಮಾನ ಅಳೆದು ರೇಡಿಯೋ ಮೂಲಕ ಅದಕ್ಕೆ ತಿಳಿಸುತ್ತದೆ. ಯುರೋಪಿನ ಮಾರುಕಟ್ಟೆಯಲ್ಲಿ ಇದು ಸಾಮಾನ್ಯ. ನೆಸ್ಟ್‌ನ ಯುರೋಪಿಯನ್ ಮಾದರಿಯಲ್ಲಂತೂ ಗೋಡೆಯ ಹಳೆಯ ಎರಡು ತಂತಿಗಳನ್ನು ಬಾಯ್ಲರಿನಿಂದ ಬಿಡಿಸಿ, 12 ವೋಲ್ಟ್ ಒಯ್ಯಲು ಮಾತ್ರ ಬಳಸಿ, ಆಜ್ಞೆಯನ್ನು ರೇಡಿಯೋ ಮೂಲಕ ಕಳಿಸುವ ಜಾಣ ವ್ಯವಸ್ಥೆ ಇತ್ತು.

ಹಂತ 5: ಮಾದರಿಗಳನ್ನು ಜರಡಿ ಹಿಡಿಯುವುದು

ಇಕೋಬೀ ಕಂಪನಿಯ ಥರ್ಮೋಸ್ಟಾಟಿಗೆ 'ಸಿ' ತಂತಿ ಬೇಕೇ ಬೇಕು. 'ಸಿ' ಇಲ್ಲದವರಿಗೆಂದು ಅದರ ಜೊತೆ ಸಿಗುವ ಪವರ್ ಎಕ್ಸ್‌ಟೆಂಡರ್ ಕಿಟ್ ನಾಲ್ಕು ತಂತಿಗಳಿರುವ ಮನೆಗಾಗಿ ರೂಪಿಸಿದ್ದು. ಎರಡು ತಂತಿಯವರಿಗೆ ಅದರಿಂದ ಪ್ರಯೋಜನವಿಲ್ಲ. ಸೆನ್ಸಿ ಎಂಬ ಬ್ರಾಂಡಿನ ಕೆಲವು ಮಾದರಿಗಳು ಸೆಲ್ಲಿನ ಮೇಲೆ ನಡೆಯುತ್ತವೆಂದು ಹೆಸರಾಗಿದ್ದರೂ, ಹೀಟಿಂಗ್ ಮಾತ್ರ ಇರುವ ವ್ಯವಸ್ಥೆಗೆ 'ಸಿ' ಕಡ್ಡಾಯವೆಂದು ತಯಾರಕರೇ ಹೇಳುತ್ತಾರೆ. 2020ರಲ್ಲಿ ಬಂದ ನೆಸ್ಟ್ ಥರ್ಮೋಸ್ಟಾಟಿಗೂ ಇದೇ ಷರತ್ತು. 'ಸಿ' ಇಲ್ಲದಿದ್ದರೆ ಬಾಯ್ಲರಿನ ಬಳಿ 'ಸಿ'ಗೆ ಬದಲಾಗಿ ಕೆಲಸ ಮಾಡುವ ನೆಸ್ಟ್ ಪವರ್ ಕನೆಕ್ಟರ್ ಜೋಡಿಸಬೇಕಾಗುತ್ತದೆ. ಅಮೆಜಾನ್ ಸ್ಮಾರ್ಟ್ ಥರ್ಮೋಸ್ಟಾಟಿಗೂ 'ಸಿ' ಬೇಕು. ಹನಿವೆಲ್ ಟಿ6 ಪ್ರೋ ಮಾದರಿಯ ಝೀ-ವೇವ್ ಆವೃತ್ತಿ ಮೂರು ಎಎ ಸೆಲ್ಲುಗಳ ಮೇಲೆ ಎರಡೇ ತಂತಿಯಲ್ಲಿ ನಡೆಯುತ್ತದೆ.

ಉಪಕರಣದ ಆಯುಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2011 ಮತ್ತು 2012ರ ನೆಸ್ಟ್ ಮಾದರಿಗಳಿಗೆ ಗೂಗಲ್ 2025ರ ಅಕ್ಟೋಬರ್ 25ರಿಂದ ಬೆಂಬಲ ನಿಲ್ಲಿಸಿತು; ಅವು ಗೋಡೆಯ ಮೇಲೆ ಥರ್ಮೋಸ್ಟಾಟಾಗಿ ಉಳಿದವು, ಫೋನಿನ ಆಪ್‌ನಿಂದ ಮಾತ್ರ ಕಳಚಿಕೊಂಡವು. ಕಂಪನಿಯ ಸರ್ವರ್ ಇಲ್ಲದೆಯೂ ಮನೆಯೊಳಗಿನ ಜಾಲದಲ್ಲಿ ನಡೆಯಬಲ್ಲ ಮ್ಯಾಟರ್ (ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಉಪಕರಣಗಳನ್ನು ಕೂಡಿಸುವ ಮಾನದಂಡ), ಝಿಗ್‌ಬೀ ಅಥವಾ ಝೀ-ವೇವ್ ಮಾದರಿಗಳಿಗೆ ಈ ದೃಷ್ಟಿಯಿಂದ ಹೆಚ್ಚು ಬಾಳಿಕೆಯಿದೆ.

ಹಂತ 6: ಜೋಡಿಸುವುದು

ಬಾಯ್ಲರಿನ ಸ್ವಿಚ್ಚನ್ನು ಆರಿಸಿದ ಮೇಲೆ ಮೀಟರಿನಲ್ಲಿ ಸೊನ್ನೆ ಬಂದಿರುವುದನ್ನು ನೋಡಿ ಕೆಲಸ ಶುರುಮಾಡಬೇಕು. ತಂತಿಗಳು ಕೈತಪ್ಪಿ ಗೋಡೆಯೊಳಗೆ ಜಾರದಂತೆ ಅವನ್ನು ಒಂದು ಪೆನ್ಸಿಲಿಗೆ ಸುತ್ತಿ ಇಟ್ಟುಕೊಳ್ಳುವುದು ಒಳ್ಳೆಯದು. ಹಿಂಬದಿಯ ಫಲಕವನ್ನು ಕೂರಿಸುವ ಮೊದಲು ಗೋಡೆಯ ತೂತನ್ನು ಪುಟ್ಟಿಯಿಂದ ಮುಚ್ಚಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗೋಡೆಯ ಟೊಳ್ಳಿನಿಂದ ನುಸುಳುವ ತಣ್ಣನೆಯ ಗಾಳಿ ಸೆನ್ಸರಿಗೆ ನೇರವಾಗಿ ಬಡಿದು, ಕೋಣೆ ಬೆಚ್ಚಗಿದ್ದರೂ ಬಾಯ್ಲರ್ ಉರಿಯುತ್ತಲೇ ಇರುತ್ತದೆ. ಹೊಸ ಫ್ಯೂಸ್ ಒಂದನ್ನು ಕೈಯಲ್ಲಿಟ್ಟುಕೊಂಡಿರಿ. 'ಆರ್' ಮತ್ತು 'ಸಿ' ತಂತಿಗಳು ಆಕಸ್ಮಿಕವಾಗಿ ತಾಗಿದರೆ ಫರ್ನೇಸಿನ ಬೋರ್ಡಿನ 3 ಅಥವಾ 5 ಆಂಪಿಯರಿನ ಫ್ಯೂಸ್ ಹೋಗುತ್ತದೆ.

ಹಂತ 7: ಹೀಟಿಂಗಿನ ಬಗೆಯನ್ನು ಸರಿಯಾಗಿ ನಮೂದಿಸುವುದು

ಅನೇಕ ಥರ್ಮೋಸ್ಟಾಟುಗಳು ಹೊಸದಾಗಿ ಬಂದಾಗ ಬಿಸಿಗಾಳಿಯ ಫರ್ನೇಸಿಗೆ ತಕ್ಕಂತೆ ಹೊಂದಿಸಿದ ಸ್ಥಿತಿಯಲ್ಲಿರುತ್ತವೆ. ಗಂಟೆಗೆ ಎಷ್ಟು ಬಾರಿ ಹೊತ್ತಿ ಆರಬೇಕು ಎಂಬ ಆಯ್ಕೆ ಮೆನುವಿನಲ್ಲಿದ್ದರೆ, ಹಬೆಯ ವ್ಯವಸ್ಥೆಗೆ 1, ಬಿಸಿನೀರಿನ ರೇಡಿಯೇಟರಿಗೆ ಮತ್ತು ಹೆಚ್ಚು ದಕ್ಷತೆಯ ಫರ್ನೇಸಿಗೆ 3, ಸಾಮಾನ್ಯ ಗ್ಯಾಸ್ ಫರ್ನೇಸಿಗೆ 5 ಎಂದು ಇಡುವುದು ವಾಡಿಕೆ. ರೇಡಿಯೇಟರುಗಳಿರುವ ಮನೆಯಲ್ಲಿ 5 ಎಂದು ಬಿಟ್ಟರೆ ಬಾಯ್ಲರ್ ಹೊತ್ತುವುದೂ ಆರುವುದೂ ಹೆಚ್ಚಾಗಿ, ಇಂಧನವೂ ಯಂತ್ರವೂ ಸವೆಯುತ್ತವೆ.

ರಾತ್ರಿ ತಾಪಮಾನ ಇಳಿಸುವ ವಿಷಯದಲ್ಲಿಯೂ ವಿವೇಚನೆ ಬೇಕು. ದಿನಕ್ಕೆ 8 ಗಂಟೆ ಕಾಲ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ಇಳಿಸಿದರೆ ವರ್ಷದ ಖರ್ಚಿನಲ್ಲಿ ಶೇ. 10ರವರೆಗೆ ಉಳಿಸಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಆದರೆ ನೆಲದೊಳಗೆ ಬಿಸಿನೀರಿನ ಕೊಳವೆಗಳಿರುವ ಮನೆಯಲ್ಲಿ ಕಾಂಕ್ರೀಟು ಮತ್ತೆ ಬೆಚ್ಚಗಾಗಲು ಗಂಟೆಗಟ್ಟಲೆ ಹಿಡಿಯುವುದರಿಂದ ಅಷ್ಟೊಂದು ಇಳಿಸುವುದು ಫಲ ಕೊಡುವುದಿಲ್ಲ. ಹೊರಗಿನ ಚಳಿಗೆ ತಕ್ಕಂತೆ ನೀರಿನ ತಾಪವನ್ನು ತಾನೇ ಹೊಂದಿಸಿಕೊಳ್ಳುವ ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯ ಶಾಖವನ್ನೂ ಬಳಸಿಕೊಳ್ಳುವ ಬಗೆ) ಇದ್ದವರೂ ಒಂದೆರಡು ಡಿಗ್ರಿಯಷ್ಟೇ ಇಳಿಸುವುದು ಸೂಕ್ತ.

ಹಂತ 8: ಕಾವಲಿಗೆ ಹಳೆಯ ಸ್ವಿಚ್ ಒಂದನ್ನು ಇಡುವುದು

ಯಾವ ಮಾದರಿ ಕೊಂಡರೂ, ಚಳಿಗಾಲದಲ್ಲಿ ಮನೆ ಬಿಟ್ಟು ಹೋಗುವವರು ಬಾಯ್ಲರಿನ 'ಟಿಟಿ' ಅಥವಾ 'ಆರ್-ಡಬ್ಲ್ಯೂ' ತಿರುಪುಗಳಿಗೆ ಸಮಾನಾಂತರವಾಗಿ, ಬ್ಯಾಟರಿಯೇ ಬೇಡದ ಸಾದಾ ಲೋಹಪಟ್ಟಿಯ ಥರ್ಮೋಸ್ಟಾಟ್ ಒಂದನ್ನು ಜೋಡಿಸಿಡುವುದು ಒಳ್ಳೆಯದು. ಅದನ್ನು ಬಾಯ್ಲರಿನ ಶಾಖ ತಾಗದ, ನೀರಿನ ಕೊಳವೆಗಳು ಹೆಪ್ಪುಗಟ್ಟುವ ಭಯವಿರುವ ಕಡೆ ಇರಿಸಿ, 10 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಬೇಕು. ಸ್ಮಾರ್ಟ್ ಉಪಕರಣ ಕೈಕೊಟ್ಟರೂ ಮನೆ 10 ಡಿಗ್ರಿಗೆ ಇಳಿದಾಗ ಈ ಸ್ವಿಚ್ ತಾನೇ ಬಾಯ್ಲರನ್ನು ಹೊತ್ತಿಸುತ್ತದೆ. ಗೋಡೆಯ ಮೇಲಿರುವುದು ವಿದ್ಯುತ್ ಕದಿಯುವ ಮಾದರಿಯಾಗಿದ್ದರೆ ಒಂದು ಎಚ್ಚರಿಕೆ: ಕಾವಲಿನ ಸ್ವಿಚ್ ತಂತಿಗಳನ್ನು ಕೂಡಿಸಿರುವಷ್ಟು ಹೊತ್ತೂ ಎರಡು ತಂತಿಗಳ ನಡುವೆ ವೋಲ್ಟೇಜ್ ಇರುವುದಿಲ್ಲವಾದ್ದರಿಂದ ಅದರ ಬ್ಯಾಟರಿ ತುಂಬುವುದಿಲ್ಲ. 'ಸಿ' ತಂತಿ, ಪ್ಲಗ್ಗಿನ ಟ್ರಾನ್ಸ್‌ಫಾರ್ಮರ್ ಅಥವಾ ಸೆಲ್ಲಿನ ಮೇಲೆ ನಡೆಯುವ ಮಾದರಿಗಳಿಗೆ ಈ ತೊಂದರೆ ಇಲ್ಲ. ಜೋಡಿಸಿದ ದಿನವೇ ಕಾವಲಿನ ಸ್ವಿಚ್ಚನ್ನು ಕೋಣೆಯ ತಾಪಕ್ಕಿಂತ ಮೇಲಕ್ಕೆ ತಿರುಗಿಸಿ, ಬಾಯ್ಲರ್ ಹೊತ್ತುವುದನ್ನು ಕಣ್ಣಾರೆ ನೋಡಿ, ಮತ್ತೆ 10ಕ್ಕೆ ಇಳಿಸಿಡಬೇಕು.